ಗೋಡೆಯ ಮೇಲಿನ ಕೆಂಪು ಗುರುತು

ನಮ್ಮ ರಸ್ತೆಯಲ್ಲಿ ಯಾರಾದರೂ ಅಳತೆಯ ಟೇಪು ಬಿಚ್ಚಿದರೆ ಸಾಕು, ಮನೆಮನೆಯಲ್ಲೂ ಒಲೆ ಆರುತ್ತದೆ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಗೇಟಿನ ಹತ್ತಿರ ಬರುತ್ತಾರೆ. ಗಂಡಸರು ಪೇಪರು ಮಡಿಸಿಟ್ಟು ಬಾಲ್ಕನಿಯಿಂದ ಬಗ್ಗುತ್ತಾರೆ. ಯಾರೂ ಏನೂ ಕೇಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಟೇಪು ಹಿಡಿದವನಿಗೆ ತಾನು ಏನೋ ಕದಿಯಲು ಬಂದಿದ್ದೇನೆ ಅನ್ನಿಸಿ ಬೆನ್ನು ಬೆವರುವಷ್ಟು ನೋಡುತ್ತಾರೆ.

ಇದನ್ನು ಸಣ್ಣತನ ಅನ್ನಲಾರೆ. ಬಸವೇಶ್ವರನಗರದ ಈ ಭಾಗದಲ್ಲಿ ಇರುವವರು ಮಾಗಡಿ ರಸ್ತೆ ಅಗಲವಾದದ್ದನ್ನು ಕಣ್ಣಾರೆ ಕಂಡವರು. ಮುಂದಿನ ಕೋಣೆ ಹೋಗಿ, ಒಳಕೋಣೆಯ ಹಸಿರು ಸುಣ್ಣ, ದೇವರ ಗೂಡು, ಕ್ಯಾಲೆಂಡರಿನ ಮೊಳೆ ಎಲ್ಲ ಬೀದಿಗೆ ಬಿದ್ದ ಮನೆಗಳ ಮುಂದೆ ಬಸ್ಸಿನಲ್ಲಿ ಹಾದು ಬಂದವರು. ಹಾಗೆ ಬೀಳುವ ಮೊದಲು ಆ ಮನೆಗಳ ಗೋಡೆಯ ಮೇಲೆ ಒಂದು ಕೆಂಪು ಗೀಟು ಇರುತ್ತಿತ್ತು. ಗೀಟಿನ ಆಚೆಗಿನದು ಸರ್ಕಾರದ್ದು, ಈಚೆಗಿನದು ನಿಮ್ಮದು. ಅದಕ್ಕೇ ನಮ್ಮ ಕಡೆ ಮಕ್ಕಳು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ವಿಕೆಟ್ಟು ಬರೆದರೆ ಯಾರೂ ಬಯ್ಯುವುದಿಲ್ಲ, ಕೆಂಪು ಬಣ್ಣ ಕಂಡರೆ ಮಾತ್ರ ಎದೆ ಹಿಡಿದುಕೊಳ್ಳುತ್ತಾರೆ.

ಇಷ್ಟೆಲ್ಲ ಗೊತ್ತಿದ್ದ ನಾನೇ ಒಂದು ಭಾನುವಾರ ಬೆಳಿಗ್ಗೆ ಕೆಂಪು ಬಣ್ಣದ ಡಬ್ಬ ಹಿಡಿದು ರಸ್ತೆಗಿಳಿದೆ. ಅದು ನನ್ನ ಚಿಕ್ಕಮ್ಮನ ಮೊಣಕಾಲಿನ ಸಲುವಾಗಿ.

ಚಿಕ್ಕಮ್ಮ ನಮ್ಮ ಅವ್ವನ ತಂಗಿ. ದಾವಣಗೆರೆಯ ಕಡೆಯವಳು. ನಾನು ಮಾತು ಕಲಿತದ್ದು ಅವಳ ಸೊಂಟದ ಮೇಲೆ ಕೂತು. ಈಗ ನಮ್ಮ ಜೊತೆಗೇ ಇದ್ದಾಳೆ, ಮನೆಯ ಅರ್ಧ ಆಡಳಿತ ಅವಳದೇ. ಕಳೆದ ವರ್ಷ ಮೊಣಕಾಲಿಗೆ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು, "ಅಜ್ಜಿ, ಮನೇಲೇ ಕೂತ್ರೆ ಮಾಡಿದ್ದೆಲ್ಲ ವೇಸ್ಟು. ದಿನಾ ನಡೀಬೇಕು" ಅಂದರು.

"ಎಲ್ಲಿ ನಡೀಲಿ ಡಾಕ್ಟ್ರೇ?"

"ಎಲ್ಲಾದ್ರೂ ಸರಿ. ಸಮ ಇರೋ ಜಾಗದಲ್ಲಿ."

"ಹಂಗಾದ್ರೆ ಆ ಚೀಟಿಯೊಳಗೆ ಗುಳಿಗಿ ಜೊತೆಗೆ ಅದನ್ನೂ ಬರ್ಕೊಡ್ರಿ. ಮೆಡಿಕಲ್ ಶಾಪಿನಾಗೆ ಕೇಳಿ ತಗೊಂಡು ಹೋಗ್ತೀನಿ."

ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ನಮ್ಮ ಮನೆಯಿಂದ ರಸ್ತೆಯ ಕೊನೆಯ ತಿರುವಿಗೆ ಬಹಳ ದೂರವೇನಿಲ್ಲ. ತಿರುವು ದಾಟಿದರೆ ಪಾರ್ಕು, ಅದರ ಪಕ್ಕಕ್ಕೆ ಸೊಪ್ಪಿನವಳು ಕೂರುವ ಜಾಗ. ನಡುವೆ ಫುಟ್‌ಪಾತ್ ಅನ್ನುವುದು ಇದೆ, ಇಲ್ಲವೆನ್ನಲಾರೆ. ಮೋರಿಯ ಮೇಲೆ ಹಾಸಿದ ಚಪ್ಪಡಿಗಳಲ್ಲಿ ಒಂದು ಕಾಲಿಟ್ಟರೆ ತೊಟ್ಟಿಲಿನಂತೆ ತೂಗುತ್ತದೆ, ಇನ್ನೊಂದು ಇಲ್ಲವೇ ಇಲ್ಲ. ಒಂದು ಮನೆಯವರು ಕುಂಡಗಳನ್ನು ಇಟ್ಟು ತೋಟ ಮಾಡಿದ್ದಾರೆ. ಪ್ರತಿ ಗೇಟಿನ ಮುಂದೂ ಕಾರು ಹತ್ತಲು ಸಿಮೆಂಟಿನ ರ‍್ಯಾಂಪು ಎತ್ತರಿಸಿದ್ದಾರೆ, ನಾವೂ ಸೇರಿದಂತೆ. ಇಂಥ ಪ್ರತಿಯೊಂದು ಕಡೆ ಚಿಕ್ಕಮ್ಮ ಕೋಲೂರಿ ರಸ್ತೆಗಿಳಿಯಬೇಕು, ಮತ್ತೆ ಹತ್ತಬೇಕು. ಹಾಗೆ ಇಳಿದ ಒಂದು ಸಂಜೆ ತರಕಾರಿ ಚೀಲ ನೇತುಹಾಕಿದ ಸ್ಕೂಟರೊಂದು ಅವಳ ಸೀರೆ ಸವರಿಕೊಂಡು ಹೋಯಿತು. ಬೀಳಲಿಲ್ಲ. ಮನೆಗೆ ಬಂದು ಕೋಲನ್ನು ಬಾಗಿಲ ಹಿಂದೆ ಇಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ. ಟೀವಿಯಿಂದ ದೇವರ ಕೋಣೆಗೆ, ದೇವರ ಕೋಣೆಯಿಂದ ಟೀವಿಗೆ ಗೋಡೆ ಹಿಡಿದು ಓಡಾಡುವುದೇ ಅವಳ ವಾಕಿಂಗು ಆಯಿತು.

ಎದುರು ಮನೆಯಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯೊಬ್ಬಳಿದ್ದಾಳೆ. ಒಂದು ದಿನ ಚಿಕ್ಕಮ್ಮನ ಕಾಲು ಮಡಿಸಿ ನೋಡಿ, ನನ್ನನ್ನು ಅಡಿಗೆಮನೆಗೆ ಕರೆದಳು.

"ಆಂಟಿ, ಕಾಲು ಪೂರ್ತಿ ನೆಟ್ಟಗಾಗ್ತಿಲ್ಲ. ಈ ಕೆಲವು ತಿಂಗಳು ನಡೆದ್ರೆ ಸರಿ, ಇಲ್ಲಾಂದ್ರೆ ಹಂಗೇ ಬಗ್ಗಿ ನಿಂತುಬಿಡುತ್ತೆ. ಆಮೇಲೆ ನಾನು ಎಷ್ಟೇ ಎಳೆದ್ರೂ ಬರಲ್ಲ."

ಅದೇ ವಾರ ವಾರ್ಡಿನ ಸಭೆ ಇತ್ತು. ಪಾರ್ಕಿಗೆ ಹೊಸದಾಗಿ ವ್ಯಾಯಾಮದ ಯಂತ್ರಗಳು ಬಂದಿದ್ದವು, ನೀಲಿ ಹಳದಿ ಬಣ್ಣದವು, ಜೊತೆಗೆ ಅವುಗಳಿಗಿಂತ ದೊಡ್ಡದೊಂದು ಬೋರ್ಡು. ಸಾರ್ವಜನಿಕರ ಆರೋಗ್ಯಕ್ಕೆ ಏನೇನು ಮಾಡಿದ್ದೇವೆ ಎಂದು ಅಧಿಕಾರಿಯೊಬ್ಬರು ಹೇಳುತ್ತಿದ್ದರು. ನಾನು ಎದ್ದು ನಿಂತೆ. ಯಂತ್ರ ಬಂದದ್ದು ಸಂತೋಷ, ಆದರೆ ಅಲ್ಲಿಯ ತನಕ ನಡೆದು ಬರಲಾಗದವರ ಗತಿಯೇನು ಎಂದು ಕೇಳಿದೆ. ನಡೆಯುವುದು ಒಳ್ಳೆಯದು ಅಂತ ಗೋಡೆಗೆ ಬರೆಸುತ್ತೀರಿ, ಆ ಗೋಡೆಯ ಪಕ್ಕ ನಡೆಯಲು ಜಾಗ ಬೇಡವೇ ಎಂದೆ. ಸಕ್ಕರೆ ಕಾಯಿಲೆಗೆ, ಬಿ.ಪಿ.ಗೆ ಮಾತ್ರೆ ಕೊಡುವುದು ಹೇಗೆ ಸರ್ಕಾರದ ಕೆಲಸವೋ, ಮುರಿಯದ ಎರಡು ಚಪ್ಪಡಿ ಹಾಕುವುದೂ ಹಾಗೆಯೇ ಆರೋಗ್ಯ ಇಲಾಖೆಯ ಕೆಲಸ ಎಂದುಕೊಳ್ಳಿ ಎಂದೆ. ಬೆಳಿಗ್ಗೆ ಹತ್ತಕ್ಕೆ ಪಾರ್ಕಿಗೆ ಬೀಗ ಹಾಕುತ್ತೀರಲ್ಲ, ಅಡಿಗೆ ಮುಗಿಸಿದ ಹೆಂಗಸರಿಗೆ ಬಿಡುವಾಗುವುದೇ ಆಗ ಎಂದೂ ಸೇರಿಸಿದೆ.

"ಒಳ್ಳೆ ಪಾಯಿಂಟು ಮೇಡಂ" ಎಂದರು ಅಧಿಕಾರಿ. "ಎಲ್ಲೆಲ್ಲಿ ಫುಟ್‌ಪಾತ್ ಹೋಗಿದೆಯೋ ಅಲ್ಲಲ್ಲಿ ಗುರುತು ಮಾಡಿಡಿ. ಎಂಜಿನಿಯರ್ ಬಂದು ನೋಡ್ತಾರೆ. ಮಾಡ್ಸೋಣ."

ಕೇಳಿದ ಕೂಡಲೇ ಒಪ್ಪುವ ಬೀಗರನ್ನು ನಂಬಬೇಡ, ಏನೋ ಮುಚ್ಚಿಟ್ಟಿರುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಮಾತು ನೆನಪಾಯಿತು. ಆದರೂ ಸಭೆಯಿಂದ ಗೆದ್ದವಳಂತೆಯೇ ಬಂದೆ.

ಭಾನುವಾರ ಎದುರು ಮನೆಯ ಹುಡುಗಿಯೂ ನಾನೂ ಹೊರಟೆವು. ಗೇಟಿಗೆ ಹೊಡೆಸಿ ಮಿಕ್ಕಿದ್ದ ಕೆಂಪು ಬಣ್ಣ ಮನೆಯಲ್ಲಿತ್ತು, ಅದನ್ನೇ ತೆಗೆದುಕೊಂಡೆವು. ಚಿಕ್ಕಮ್ಮನಂಥವರು ರಸ್ತೆಗಿಳಿಯಲೇಬೇಕಾದ ಕಡೆಯಲ್ಲೆಲ್ಲ ಕಾಂಪೌಂಡಿನ ಬುಡದಲ್ಲಿ ಒಂದು ಗೀಟು, ಗೀಟಿನ ಕೆಳಗೆ ಒಂದು ಬಾಣ. ಕಿಟಕಿಗಳು ತೆರೆದವು. ಗೇಟುಗಳಲ್ಲಿ ಜನ ನಿಂತರು. ಯಾರೂ ಏನೂ ಕೇಳಲಿಲ್ಲ. "ಎಲ್ಲರೂ ಎಷ್ಟು ಸಪೋರ್ಟಿವ್ ಆಂಟಿ" ಅಂದಳು ಹುಡುಗಿ. ಅವಳು ಈ ರಸ್ತೆಗೆ ಹೊಸಬಳು.

ಮಧ್ಯಾಹ್ನದ ಊಟಕ್ಕೆ ಮೊದಲೇ ರಸ್ತೆಯವರ ಫೋನ್ ಗುಂಪಿನಲ್ಲಿ ಫೋಟೋಗಳು ಓಡಾಡತೊಡಗಿದವು. ರಸ್ತೆ ಅಗಲ ಮಾಡುತ್ತಾರಂತೆ ಎಂದು ಒಬ್ಬರು. ಮೇಲ್ಸೇತುವೆಯಂತೆ ಎಂದು ಇನ್ನೊಬ್ಬರು. ಬಾಣ ಕೆಳಗೆ ತೋರಿಸುತ್ತಿದೆ ಎಂದ ಮೇಲೆ ನೆಲದಡಿಯ ಮೆಟ್ರೊನೇ ಇರಬೇಕು ಎಂದು ಓದಿಕೊಂಡವರೊಬ್ಬರು. ಫುಟ್‌ಪಾತಿಗಾಗಿ ನಾವೇ ಹಾಕಿದ ಗುರುತು ಎಂದು ನಾನು ಬರೆದೆ. ಆಮೇಲೆ ಯಾರೋ ಬರೆದರು: "ಮೇಡಂಗೆ ಒಳಗಿನ ವಿಷಯ ಗೊತ್ತಿದೆ ಅನ್ಸುತ್ತೆ."

ಸಂಜೆ ಮೂಲೆಮನೆಯ ಗೌಡರು ಬಂದರು. ಈ ಬಡಾವಣೆಯೆಲ್ಲ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲಿರುವ ಮನೆತನ ಅವರದು. ಈಗ ಹಾರ್ಡ್‌ವೇರ್ ಅಂಗಡಿ, ಮೇಲೆರಡು ಬಾಡಿಗೆ ಮನೆ. ತಿರುವಿನಲ್ಲಿರುವ ಅವರ ರ‍್ಯಾಂಪು ರಸ್ತೆಯಲ್ಲೇ ದೊಡ್ಡದು, ಅದರ ಪಕ್ಕಕ್ಕೆ ಫುಟ್‌ಪಾತಿನಲ್ಲೇ ಒಂದು ನುಗ್ಗೆಮರ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಗೇಟಿನ ಹತ್ತಿರವೇ ನಿಂತರು.

"ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದ್ರಲ್ಲಿ ನಿಮಗೇನು ಸಿಗ್ತದೆ?"

"ನಮ್ಮ ಚಿಕ್ಕಮ್ಮ ನಡೆಯೋ ಹಾಗಾಗುತ್ತೆ ಗೌಡ್ರೆ."

"ಅದು ಸರಿ. ಅದು ಬಿಟ್ಟು?"

"ಅದು ಬಿಟ್ಟು ಏನೂ ಇಲ್ಲ."

ಅವರು ತಲೆಯಾಡಿಸಿದರು, ನಂಬದವರು ಆಡಿಸುವ ಹಾಗೆ. "ನಾನು ಚಿಕ್ಕೋನಿದ್ದಾಗ ನಮ್ಮ ಹೊಲಕ್ಕೆ ಇಬ್ರು ಅಳತೆ ಚೈನು ಹಿಡ್ಕೊಂಡು ಬಂದಿದ್ರು. ನಮ್ಮಪ್ಪ ಏನ್ ಸ್ವಾಮಿ ಅಂತ ಕೇಳ್ದ. ಸುಮ್ನೆ ನೋಡ್ತಿದೀವಿ ಅಂದ್ರು. ನಮ್ಮವ್ವ ಅವ್ರಿಗೆ ಮಜ್ಜಿಗೆ ಕೊಟ್ಲು. ಮುಂದಿನ ವರ್ಷ ಹೊಲ ಇರ್ಲಿಲ್ಲ ಮೇಡಂ, ಸೈಟಿತ್ತು. ಅವತ್ತಿಂದ ನಮ್ಮನೇಲಿ ಅಳೆಯೋರಿಗೆ ನೀರೂ ಕೊಡಲ್ಲ."

ಹೇಳಿ ಹೊರಟವರು ತಿರುಗಿ ನಿಂತು, ನಮ್ಮ ಗೇಟನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಗೋಡೆಗೆ ಗುರುತು ಕಾಣ್ತಾ ಇಲ್ವಲ್ಲ" ಎಂದರು. ನಮ್ಮ ಮನೆಯಿಂದಲೇ ಹೊರಟಿದ್ದರಿಂದ ಪಕ್ಕದ ಮನೆಯಿಂದ ಶುರುವಾಯಿತು ಎಂದು ಏನೋ ಹೇಳಿದೆ. "ಹೌದೌದು" ಎಂದರು. ಆ ಎರಡು ಹೌದು ಒಂದು ಇಲ್ಲಕ್ಕಿಂತ ಕೆಟ್ಟದಾಗಿತ್ತು.

ಆಮೇಲೆ ಸಹಿಗಾಗಿ ಮನೆಮನೆ ತಿರುಗಿದೆ. ಅರ್ಜಿಯಲ್ಲಿ ಇದ್ದದ್ದು ಇಷ್ಟೆ: ಫುಟ್‌ಪಾತ್ ಸರಿಮಾಡಿ, ಪಾರ್ಕು ಮಧ್ಯಾಹ್ನವೂ ತೆರೆದಿಡಿ. ಕಾಫಿ ಕೊಟ್ಟರು, ಚಿಕ್ಕಮ್ಮನ ಕಾಲು ವಿಚಾರಿಸಿದರು. ಪೆನ್ನು ಮುಂದೆ ಮಾಡಿದರೆ ಯಜಮಾನರು ಊರಲ್ಲಿಲ್ಲ ಅಂದರು, ಯಜಮಾನರ ಕೆಮ್ಮು ಒಳಗಿನಿಂದ ಕೇಳುತ್ತಿತ್ತು. "ಒಂದು ಸೈನ್ ಅಷ್ಟೆ" ಎಂದೆ ಪಕ್ಕದ ಮನೆಯಾಕೆಗೆ. "ಅಷ್ಟೆ ಅಂತೀರಲ್ಲ ಅಕ್ಕ, ಅದಕ್ಕೇ ಭಯ" ಅಂದಳು. ನನಗೂ ಅನುಮಾನ ಶುರುವಾಯಿತು. ಇವರಿಗೆಲ್ಲ ಗೌಡರು ಹೇಳಿಕೊಟ್ಟಿದ್ದಾರೆ. ತಮ್ಮ ರ‍್ಯಾಂಪು ಉಳಿಸಿಕೊಳ್ಳಲು ಇಡೀ ರಸ್ತೆಯನ್ನು ಎತ್ತಿಕಟ್ಟಿದ್ದಾರೆ. ಹಾಗೆಂದುಕೊಂಡ ಮೇಲೆ ಅವರು ನುಗ್ಗೆಮರದ ಕೆಳಗೆ ಯಾರೊಡನೆ ನಿಂತು ಮಾತಾಡಿದರೂ ನನ್ನ ವಿಷಯವೇ ಇರಬೇಕು ಅನ್ನಿಸತೊಡಗಿತು.

ಹೀಗಿರುವಾಗ ಒಂದು ದಿನ ಮಾರ್ಕೆಟ್ಟಿಗೆ ಹೋಗಿ ಬಂದು ನೋಡುತ್ತೇನೆ, ನಮ್ಮ ಗೋಡೆಯ ಮೇಲೆ ಕೆಂಪು ಗೀಟು. ಕೆಳಗೆ ಬಾಣ.

ನಾವು ಹಾಕಿದ್ದಲ್ಲ. ಹುಡುಗಿಯನ್ನು ಕೇಳಿದೆ, ಅವಳು ಆ ಹೊತ್ತಿಗೆ ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳಂತೆ. ಗೀಟು ನೆಟ್ಟಗಿತ್ತು, ನಮ್ಮದಕ್ಕಿಂತ ನೆಟ್ಟಗೆ. ಕಸುಬುದಾರನ ಕೈ. ಅಧಿಕಾರಿ ಅಷ್ಟು ಬೇಗ ಒಪ್ಪಿದ್ದು ಇದಕ್ಕೇ ಇರಬಹುದು. ನಾವೇ ತೋರಿಸಿಕೊಟ್ಟ ರಸ್ತೆಯನ್ನು ಇನ್ಯಾವುದೋ ಲೆಕ್ಕಕ್ಕೆ ಸೇರಿಸಿಬಿಟ್ಟರೇ? ಮಾರನೆಯ ದಿನ ವಾರ್ಡ್ ಆಫೀಸಿಗೆ ಓಡಿದೆ.

"ನಮ್ಮದಲ್ಲ ಮೇಡಂ" ಎಂದ ಅಲ್ಲಿಯ ಎಂಜಿನಿಯರು. "ನಾವು ಹಾಕಿದ್ರೆ ನಂಬರ್ ಬರೀತೀವಿ. ಗ್ಯಾಸ್ ಪೈಪಿನೋರು ಇರ್ಬೇಕು. ಇಲ್ಲಾಂದ್ರೆ ಕೇಬಲ್ಲು."

"ಅವರಲ್ಲ ಅಂದ್ರೆ?"

"ಅವರಲ್ಲ ಅಂದ್ರೆ ನೀವೇ ಹಾಕಿರ್ತೀರಿ. ನಿಮ್ಮ ರಸ್ತೆಯಿಂದ ದಿನಾ ಫೋನು, ನೀವೇ ಹಾಕ್ತಿದೀರ ಅಂತ."

ಗ್ಯಾಸಿನವರ ಆಫೀಸಿನಲ್ಲೂ ಕೇಳಿ, ಮನೆಗೆ ಬಂದು ಬೀರುವಿನಿಂದ ಮನೆಯ ಪತ್ರ ತೆಗೆದು ಉದ್ದಗಲ ನೋಡಿದೆ. ನಮ್ಮವರು, "ಊರಿಗೆಲ್ಲ ಧೈರ್ಯ ಹೇಳಿದೋಳು ನೀನೇ ಅಲ್ವ" ಎಂದು ಪೇಪರಿನ ಹಿಂದಿನಿಂದ ಅಂದರು. ರಸ್ತೆಯ ಜನ ಮಾತ್ರ ಆ ಎರಡು ಮೂರು ದಿನ ನನ್ನ ಜೊತೆ ಬಹಳ ಪ್ರೀತಿಯಿಂದ ನಡೆದುಕೊಂಡರು. ಪಕ್ಕದ ಮನೆಯಾಕೆ ಒಬ್ಬಟ್ಟು ತಂದುಕೊಟ್ಟು, "ನಿಮ್ಮನೇಗೂ ಬಂತಾ ಅಕ್ಕ" ಎಂದಳು. ಆ ದನಿಯಲ್ಲಿ ಕನಿಕರ ಒಂದು ಪಾಲು, ಸಮಾಧಾನ ಮೂರು ಪಾಲು.

ನಾಲ್ಕನೆಯ ದಿನ ಗೋಡೆಯ ಮುಂದೆ ನಿಂತು ಸೀಮೆಎಣ್ಣೆ ಬಟ್ಟೆಯಲ್ಲಿ ಗೀಟು ಉಜ್ಜುತ್ತಿದ್ದೆ. ಕಿಟಕಿಯಿಂದ ಚಿಕ್ಕಮ್ಮನ ದನಿ ಬಂತು.

"ಅದನ್ನ ಯಾಕೆ ಒರೆಸ್ತೀಯವ್ವಾ? ಪಾಪ, ಗೌಡ್ರು ಎಷ್ಟು ಚೆಂದಾಗಿ ಹಾಕಿದ್ರು."

ನಾನು ಬಟ್ಟೆ ಹಿಡಿದೇ ಒಳಗೆ ಹೋದೆ.

"ಗೌಡ್ರಾ?"

"ಮತ್ತಿನ್ಯಾರು? ನೀನು ಮಾರ್ಕೆಟ್ಟಿಗೆ ಹೋಗಿದ್ದೆ. ಬಂದು ಗೇಟು ಬಡಿದ್ರು. ಅಮ್ಮಾ, ನಿಮ್ಮ ರ‍್ಯಾಂಪೂ ಮುಂದಕ್ಕೆ ಬಂದೈತೆ, ನಿಮ್ಮದಕ್ಕೂ ಒಂದು ಗುರುತು ಹಾಕ್ಲಾ ಅಂದ್ರು. ಹಾಕಪ್ಪಾ, ನ್ಯಾಯ ಎಲ್ಲಾರಿಗೂ ಒಂದೇ ಅಂದೆ. ಬಾಗಿಲ ಹಿಂದಿದ್ದ ಬಣ್ಣದ ಡಬ್ಬ ನಾನೇ ಕೊಟ್ಟೆ."

"ನಾಲ್ಕು ದಿನದಿಂದ ಆಫೀಸು ಆಫೀಸು ತಿರುಗ್ತಿದೀನಿ. ಹೇಳಬಾರದಿತ್ತಾ?"

"ನೀನು ಎಂಜಿನಿಯರನ್ನ ಕೇಳಿದೆ, ಗ್ಯಾಸಿನೋರನ್ನ ಕೇಳಿದೆ, ಆ ಹುಡುಗೀನ ಕೇಳಿದೆ. ಮನೇಲಿ ಕೂತೋಳನ್ನ ಕೇಳಿದ್ಯಾ?" ಎಂದಳು. ಬಟ್ಟೆಯನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, "ಪಾರ್ಕು ಪಾರ್ಕು ಅಂತೀಯಲ್ಲ, ನಾನು ಯಾವಾಗಾರ ಪಾರ್ಕಿಗೆ ಹೋಗ್ತೀನಿ ಅಂದಿದ್ದೆನೇನು? ಅಲ್ಲಿ ಗಾಣದ ಎತ್ತಿನಂಗೆ ಸುತ್ತಿ ಸುತ್ತಿ ಎಲ್ಲಿಗೆ ಬಂದಂಗಾಯ್ತು? ನಂಗೆ ಸೊಪ್ಪಿನವಳ ಹತ್ರ ಹೋಗಬೇಕು. ನೀನು ತರೋ ಮೆಂತ್ಯ ನೋಡಿ ನೋಡಿ ಸಾಕಾಗೈತಿ" ಎಂದಳು.

ಗೀಟು ಅರ್ಧ ಅಳಿಸಿತ್ತು. ಉಳಿದರ್ಧವನ್ನು ಹಾಗೇ ಬಿಟ್ಟು ಗೌಡರ ಮನೆಗೆ ಹೋದೆ. ಅವರು ನುಗ್ಗೆಮರದ ಕೆಳಗೇ ನಿಂತಿದ್ದರು, ಕಾಯುತ್ತಿದ್ದವರ ಹಾಗೆ.

"ಅಮ್ಮನ್ನ ಕೇಳೇ ಹಾಕಿದ್ದು ಮೇಡಂ."

"ಗೊತ್ತಾಯ್ತು. ಈಗೇನು ಮಾಡೋಣ ಹೇಳಿ."

"ಮೊದ್ಲು ನಿಮ್ಮ ರ‍್ಯಾಂಪು ನೀವು ಒಡೆಸಿ. ಆಮೇಲೆ ನಾನು."

"ನೀವು ಒಡೆಸ್ದೇ ಇದ್ರೆ?"

"ನೀವು ಒಡೆಸಿದ ಮೇಲೂ ಸರ್ಕಾರದೋರು ಬಂದು ಇನ್ನಷ್ಟು ಒಡೆದ್ರೆ?"

ಇಡೀ ರಸ್ತೆಯ ಜಗಳ ಆ ಎರಡು ಪ್ರಶ್ನೆಗಳಲ್ಲೇ ಇತ್ತು. ಸರ್ಕಾರ ನಡೆಯಲು ಜಾಗ ಕೊಡುತ್ತದೆಂದು ಇಲ್ಲಿ ಯಾರೂ ನಂಬುವುದಿಲ್ಲ, ಏಕೆಂದರೆ ಸರ್ಕಾರ ಜಾಗ ತೆಗೆದುಕೊಂಡದ್ದನ್ನು ಮಾತ್ರ ನೋಡಿದ್ದಾರೆ. ಆರೋಗ್ಯಕ್ಕೆ ನಡೆಯಿರಿ ಎಂದು ಹೇಳುವವರು ಮೊದಲು ಈ ಭಯಕ್ಕೆ ಒಂದು ಮಾತು ಹೇಳಬೇಕು. ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ, ಯಾರ ಗೋಡೆ ಮುಟ್ಟುವುದಿಲ್ಲ ಎಂದು ಬಾಗಿಲಿಗೆ ಬಂದು ಹೇಳಬೇಕು. ಮುಂದಿನ ಸಭೆಯಲ್ಲಿ ನಾನು ಅದನ್ನೇ ಕೇಳಿದೆ. ಒಳ್ಳೆ ಪಾಯಿಂಟು ಎಂದರು.

ಆಷಾಢಕ್ಕೆ ಮೊದಲು ನಮ್ಮ ರ‍್ಯಾಂಪಿನ ಮುಂಚಾಚನ್ನು ಒಡೆಸಿದೆವು. ಕಾರು ಒಳಗೆ ಹತ್ತುವಾಗ ಈಗ ಅದರ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ನಮ್ಮವರು ಪ್ರತಿಸಲ ನನ್ನ ಕಡೆ ನೋಡುತ್ತಾರೆ. ಒಡೆಯುವಾಗ ಗೌಡರು ಬೆಳಿಗ್ಗೆಯಿಂದ ಎದುರಿಗೇ ನಿಂತಿದ್ದರು, ನಿಜವಾಗಿ ಒಡೆಯುತ್ತೇವೋ, ಒಡೆದಂತೆ ಮಾಡಿ ಮತ್ತೆ ಸಿಮೆಂಟು ಮೆತ್ತುತ್ತೇವೋ ಎಂದು. ಅದನ್ನು ನೋಡಿ ಪಕ್ಕದ ಮನೆಯಾಕೆ ಕುಂಡಗಳನ್ನು ಒಳಗೆ ಸರಿಸಿಕೊಂಡಳು. ಅದರಾಚೆಯವರು ತೂಗುವ ಚಪ್ಪಡಿಗೆ ಕೆಳಗಿನಿಂದ ಇಟ್ಟಿಗೆ ಕೊಟ್ಟು ಕೂರಿಸಿದರು. ಉಳಿದವರೂ ಒಬ್ಬೊಬ್ಬರಾಗಿ ರ‍್ಯಾಂಪಿನ ಅಂಚು ತಗ್ಗಿಸಿದರು, ಚಪ್ಪಡಿಯೇ ಇಲ್ಲದ ಕಡೆ ಒಂದು ಕಲ್ಲು ಬಂದು ಕೂತಿತು. ಯಾರೂ ಸಹಿ ಹಾಕಲಿಲ್ಲ, ಆದರೆ ದಾರಿ ಗೌಡರ ಮನೆಯ ತನಕ ಬಂತು.

ಅಲ್ಲಿ ನಿಂತಿತು. ಆಷಾಢದಲ್ಲಿ ಮನೆಯ ಕೆಲಸ ಮುಟ್ಟಬಾರದು ಎಂದರು ಗೌಡರು. ಶ್ರಾವಣ ಬಂತು, ಹಬ್ಬದ ತಿಂಗಳು ಧೂಳು ಬೇಡ ಎಂದರು. ಗಣಪತಿ ಆಯಿತು, ಪಿತೃಪಕ್ಷ ಕಳೆಯಲಿ ಎಂದರು. ಚಿಕ್ಕಮ್ಮ ಇದನ್ನು ಕೇಳಿ, "ಕಟ್ಟಾಕೆ ಮುಹೂರ್ತ ಬೇಕು, ಖರೆ. ಕೆಡವಾಕೆ ಮುಹೂರ್ತ ಯಾವ ಪಂಚಾಂಗದಾಗೈತಿ?" ಎಂದಳು. ಎಂದವಳು ಬಾಗಿಲ ಹಿಂದಿನಿಂದ ಕೋಲು ತೆಗೆದಳು.

ದಿನಾ ಬೆಳಿಗ್ಗೆ ಅವಳು ಗೋಡೆಯ ಪಕ್ಕದಲ್ಲೇ ಮೆಲ್ಲಗೆ ನಡೆದು ಗೌಡರ ರ‍್ಯಾಂಪಿನ ತನಕ ಹೋಗತೊಡಗಿದಳು. ಹತ್ತಿ ದಾಟಲು ಕಾಲು ಬರುವುದಿಲ್ಲ. ರಸ್ತೆಗಿಳಿಯಲು ಮನಸ್ಸು ಬರುವುದಿಲ್ಲ. ಹಾಗಾಗಿ ಸುಧಾರಿಸಿಕೊಳ್ಳಲು ರ‍್ಯಾಂಪಿನ ಮೇಲೆಯೇ ಕೂರುತ್ತಿದ್ದಳು. ಸರಿಯಾಗಿ ಗೌಡರು ಅಂಗಡಿಗೆ ಹೋಗಲು ಕಾರು ತೆಗೆಯುವ ಹೊತ್ತಿಗೆ.

ಮೊದಲ ದಿನ ಅವರು ಕೈಹಿಡಿದು ಎಬ್ಬಿಸಿದರಂತೆ. ಎರಡನೆಯ ದಿನ ಕುರ್ಚಿ ತಂದು ಪಕ್ಕಕ್ಕೆ ಹಾಕಿದರಂತೆ.

"ಕುರ್ಚಿ ಬ್ಯಾಡಪ್ಪಾ, ಇದೇ ತಂಪಗೈತಿ" ಅಂದಳಂತೆ ಚಿಕ್ಕಮ್ಮ. "ನಿಮ್ಮ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀರಿ?"

ವಾರ ಕಳೆಯುವುದರೊಳಗೆ ಗೌಡರು ನಮ್ಮ ಗೇಟಿನಲ್ಲಿದ್ದರು. "ಮೇಡಂ, ನಿಜ ಹೇಳಿ. ಅಮ್ಮನ್ನ ನೀವೇ ಕೂರಿಸ್ತಿದೀರಾ?"

"ನಾನ್ಯಾಕೆ ಕೂರಿಸ್ಲಿ ಗೌಡ್ರೆ."

"ಏನೋಪ್ಪ" ಎಂದು ಹೋದರು.

ರಾತ್ರಿ ಊಟಕ್ಕೆ ಬಡಿಸುವಾಗ ನಾನೇ ಕೇಳಿದೆ. "ಚಿಕ್ಕಮ್ಮ, ನಿನಗೆ ದಿನಾ ಅದೇ ಹೊತ್ತಿಗೆ ಸುಸ್ತಾಗುತ್ತಾ?"

"ವಯಸ್ಸಾತು ಕಣವ್ವಾ" ಎಂದಳು, ಫ್ಯಾನಿನ ಕಡೆ ನೋಡುತ್ತ. ಇವತ್ತಿಗೂ ನನಗೆ ಅನುಮಾನವಿದೆ.

ಪಕ್ಷ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಮೂಲೆಯಿಂದ ಸುತ್ತಿಗೆಯ ಸದ್ದು ಬಂತು. ಗೌಡರು ಪೂರ್ತಿ ಒಡೆಸಿರಲಿಲ್ಲ. ಗೋಡೆಗೆ ಒತ್ತಿಕೊಂಡಂತೆ ಒಬ್ಬರು ಕೋಲೂರಿ ಹೋಗುವಷ್ಟು ಅಗಲದ ಸಮ ಹಾದಿ ಬಿಡಿಸಿದ್ದರು. ನುಗ್ಗೆಮರವನ್ನು ಮುಟ್ಟಿರಲಿಲ್ಲ, ಮುಟ್ಟಿ ಎಂದು ನಾವೂ ಹೇಳಲಿಲ್ಲ. "ನಿಮಗೋಸ್ಕರ ಅಲ್ಲ ಮೇಡಂ" ಎಂದರು. "ನನ್ನ ಕಾರು ಆಚೆ ಬರ್ಬೇಕಲ್ಲ."

ಈಗ ಚಿಕ್ಕಮ್ಮ ದಿನಾ ಸೊಪ್ಪಿನವಳ ತನಕ ಹೋಗುತ್ತಾಳೆ. ಕಾಲು ನೆಟ್ಟಗಾಗಿದೆ ಎನ್ನುತ್ತಾಳೆ ಎದುರು ಮನೆಯ ಹುಡುಗಿ, ಇನ್ನೂ ಒಂದಿಷ್ಟು ಉಳಿದಿದೆ ಅಷ್ಟೆ. ಪಾರ್ಕಿನ ಬೀಗ ಮಾತ್ರ ಮಧ್ಯಾಹ್ನ ಹಾಗೇ ಇದೆ. ಅದಕ್ಕಿನ್ನೂ ಅರ್ಜಿ ಹಿಡಿದು ತಿರುಗುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಅವಳು ಚೀಲ ಹಿಡಿದು ಹೊರಟ ಹೊತ್ತಿಗೆ ಇಬ್ಬರು ಬಂದು ಟೇಪು ಬಿಚ್ಚಿದರು. ಒಂದು ತುದಿ ನಮ್ಮ ಗೋಡೆಗೆ, ಇನ್ನೊಂದು ಎದುರು ಮನೆಯ ಗೋಡೆಗೆ. ಕಿಟಕಿಗಳು ತೆರೆದವು. ನಾನು ಒಲೆ ಆರಿಸಿ ಕೈ ಒರೆಸಿಕೊಂಡು ಗೇಟಿಗೆ ಬಂದಾಗ ಗೌಡರು ಆಗಲೇ ಅರ್ಧ ರಸ್ತೆ ನಡೆದು ಬಂದಿದ್ದರು.

"ಏನು ಅಳೀತಿದೀರಿ?" ಎಂದೆ.

"ಫುಟ್‌ಪಾತ್‌ಗೆ ಮೇಡಂ. ಯಾರೋ ಅರ್ಜಿ ಕೊಟ್ಟಿದ್ರಂತೆ."

"ಫುಟ್‌ಪಾತ್‌ಗೆ ಆ ಗೋಡೆಯಿಂದ ಈ ಗೋಡೆ ತನಕ ಯಾಕೆ ಅಳೀಬೇಕು?" ಎಂದರು ಗೌಡರು.

"ನಮಗೆ ಅಳ್ಕೊಂಡು ಬಾ ಅಂದಿದಾರೆ ಸಾರ್. ಯಾಕೆ ಅಂತ ಮೇಲಿನೋರಿಗೆ ಗೊತ್ತು."

ಗೌಡರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಇಬ್ಬರಿಗೂ ಒಂದೇ ಅನುಮಾನ. ಪಕ್ಕದ ಮನೆಯಾಕೆ ಫೋನು ಎತ್ತಿ ಫೋಟೋ ಹಿಡಿಯುತ್ತಿದ್ದಳು.

ಟೇಪು ಚಿಕ್ಕಮ್ಮನ ದಾರಿಗೆ ಅಡ್ಡವಾಗಿ ಮೊಣಕಾಲೆತ್ತರಕ್ಕೆ ಬಿಗಿದು ನಿಂತಿತ್ತು. ಅವಳು ಅದರ ಮುಂದೆ ನಿಂತು, ಕೋಲಿನಿಂದ ಅದನ್ನು ಮೆಲ್ಲಗೆ ತಟ್ಟಿದಳು.

"ನಿಮ್ಮ ಅಳತೆ ಆಮೇಲೆ ಮಾಡ್ಕೊಳ್ರಪ್ಪಾ. ಇದನ್ನ ಒಂಚೂರು ನೆಲಕ್ಕೆ ಬಿಡು, ದಾಟ್ತೀನಿ. ತಡ ಆದ್ರೆ ಮೆಂತ್ಯ ಖಾಲಿ ಆಗ್ತದೆ."

ಅವನು ಟೇಪನ್ನು ನೆಲಕ್ಕಿಳಿಸಿದ. ಅವಳು ಮೊದಲು ಕೋಲು, ಆಮೇಲೆ ಹೊಸ ಕಾಲು, ಆಮೇಲೆ ಹಳೆಯ ಕಾಲು ಇಟ್ಟು ದಾಟಿ, ಗೋಡೆಯ ಪಕ್ಕ ಹಿಡಿದು ಹೊರಟಳು. ನಾವು ಮಾತ್ರ ಟೇಪು ಕಾಯುತ್ತ ಅಲ್ಲೇ ನಿಂತೆವು.